ಹಬ್ಬಕ್ಕೆ ಮುಂಚೆ ಚರ್ಚಿನ ಪಿಯಾನೋ ಶ್ರುತಿ ಮಾಡಿಸುವುದು: ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ

ಡಿಸೆಂಬರ್ 20 ದಾಟಿತು ಅಂದರೆ ನನ್ನ ಫೋನಿಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. “ಮಾರಾಯ್ರೇ, ಒಮ್ಮೆ ಬಂದು ಹೋಗಿ. ಎರಡೇ ಎರಡು ಕೀ ಅಪಶ್ರುತಿ, ಅರ್ಧ ಗಂಟೆಯ ಕೆಲಸ ಅಷ್ಟೇ.” ಹೋಗಿ ಮುಚ್ಚಳ ತೆಗೆದರೆ ಎರಡು ಕೀ ಅಲ್ಲ, ಇಡೀ ಪಿಯಾನೋದ ಶ್ರುತಿಯೇ ಕೆಳಗೆ ಕೂತಿರುತ್ತದೆ. ಬೆನ್ನ ಹಿಂದೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಹುಡುಗರು ಮೊಳೆ ಹೊಡೆಯುತ್ತಿರುತ್ತಾರೆ, ಪಕ್ಕದಲ್ಲಿ ಮೈಕಿನವರು ‘ಹಲೋ ಹಲೋ, ಚೆಕ್ ಚೆಕ್’ ಅನ್ನುತ್ತಿರುತ್ತಾರೆ, ಮರುದಿನ ರಾತ್ರಿಯೇ ಪೂಜೆ. ಅವತ್ತು ನಾನು ಏನು ಮಾಡಿದರೂ ಅದು ತೇಪೆಯೇ.

ಹಾಗಾಗಿ ಇದನ್ನು ಬರೆದಿಡುತ್ತಿದ್ದೇನೆ, ಮುಖ್ಯವಾಗಿ ಕ್ವಾಯರ್, ಅಂದರೆ ಚರ್ಚಿನ ಹಾಡುವ ತಂಡ, ನಡೆಸುವವರಿಗೆ, ಚರ್ಚ್ ಸಮಿತಿಯಲ್ಲಿ ಇಂಥ ಖರ್ಚಿಗೆ ತಲೆ ಕೊಡುವವರಿಗೆ. ನಾನು ಹೆಚ್ಚಾಗಿ ಕೆಲಸ ಮಾಡುವುದು ಮಂಗಳೂರು, ಉಡುಪಿ ಕಡೆ. ವರ್ಷಕ್ಕೆ ಒಂದೆರಡು ಸಲ ಬೆಂಗಳೂರಿಗೂ ಹೋಗುತ್ತೇನೆ. ಎರಡೂ ಕಡೆಯ ಪಿಯಾನೋ ಕಟ್ಟುನಿಟ್ಟಾಗಿ ಒಂದೇ ನಿಯಮ ಪಾಲಿಸುತ್ತದೆ: ಅದಕ್ಕೆ ಹಬ್ಬ ಗೊತ್ತಿಲ್ಲ, ಮಳೆ ಗೊತ್ತು.

ಮಳೆಗೂ ತಂತಿಗೂ ಏನು ಸಂಬಂಧ

ಪಿಯಾನೋದ ಒಳಗೆ 88 ಕೀಗಳಿಗೆ ಸುಮಾರು 230 ತಂತಿಗಳಿವೆ. ತೀರಾ ಕೆಳಗಿನ ಬೇಸ್ ಸ್ವರಗಳಿಗೆ ತಾಮ್ರ ಸುತ್ತಿದ ಒಂದೊಂದೇ ತಂತಿ, ಆಮೇಲೆ ಎರಡೆರಡು, ನಡುವಿನಿಂದ ಮೇಲಕ್ಕೆ ಮೂರು ಮೂರು. ಎಲ್ಲ ಸೇರಿ ಎಳೆಯುವ ಬಲ ಸುಮಾರು 18 ಟನ್. ಇಷ್ಟು ಎಳೆತವನ್ನು ತಡೆದುಕೊಳ್ಳುವುದು ಎರಕದ ಕಬ್ಬಿಣದ ಚೌಕಟ್ಟು. ಅದು ಸುಲಭಕ್ಕೆ ಅಲುಗಾಡುವುದಿಲ್ಲ. ಅಲುಗಾಡುವುದು ಅದರ ಹಿಂದೆ ಇರುವ ತೆಳ್ಳನೆಯ ಮರದ ಹಲಗೆ, ಸೌಂಡ್‌ಬೋರ್ಡ್. ಸ್ಪ್ರೂಸ್ ಮರದ್ದು, ಸ್ವಲ್ಪ ಉಬ್ಬಿದ ಹಾಗೆ ಮಾಡಿರುತ್ತಾರೆ. ತಂತಿಗಳು ಒಂದು ಮರದ ಸೇತುವೆಯ ಮೇಲೆ ಹಾದು ಹೋಗಿ ಆ ಹಲಗೆಯನ್ನು ಒತ್ತಿಕೊಂಡಿರುತ್ತವೆ.

ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಅಲ್ವಾ? ಅದೇ ಕಥೆ ಇಲ್ಲೂ. ಹಲಗೆ ತೇವ ಕುಡಿದು ಉಬ್ಬುತ್ತದೆ, ಸೇತುವೆಯನ್ನು ಮೇಲಕ್ಕೆ ತಳ್ಳುತ್ತದೆ, ತಂತಿ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಮಳೆ ನಿಂತು ಒಣಗಾಳಿ ಬೀಸಿದಾಗ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಎಲ್ಲ ಸ್ವರವೂ ಒಂದೇ ಅಳತೆಯಲ್ಲಿ ಏರಿಳಿದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ನಡುವಿನ ಭಾಗ ಜಾಸ್ತಿ ಸರಿಯುತ್ತದೆ, ಬೇಸ್ ಕಡಿಮೆ. ಹಾಗಾಗಿ ಆಗಸ್ಟಿನಲ್ಲಿ ಎಡಗೈ ಒಂದು ಪಿಯಾನೋ ನುಡಿಸಿದಂತೆ, ಬಲಗೈ ಇನ್ನೊಂದು ನುಡಿಸಿದಂತೆ ಕೇಳಿಸುತ್ತದೆ.

ತೇವಾಂಶ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್ ತಂದು ಪಿಯಾನೋ ಒಳಗೆ ಇಡಿ. ತೀರಾ ದುಬಾರಿಯದ್ದೇನೂ ಬೇಕಾಗಿಲ್ಲ. ಪಿಯಾನೋ ಮಾಡುವವರು ಬಯಸುವುದು ಶೇಕಡಾ 40ರಿಂದ 50ರ ಆಸುಪಾಸು. ನಮ್ಮ ಕರಾವಳಿಯಲ್ಲಿ ಅದು ಕನಸು. ಇರಲಿ, ಮುಖ್ಯವಾದದ್ದು ಸಂಖ್ಯೆ ಎಷ್ಟಿದೆ ಅನ್ನುವುದಲ್ಲ, ಅದು ಎಷ್ಟು ಹಾರುತ್ತದೆ ಅನ್ನುವುದು. ವರ್ಷವಿಡೀ 70ರಲ್ಲೇ ನಿಂತಿರುವ ಪಿಯಾನೋ 50ಕ್ಕೂ 85ಕ್ಕೂ ಜೋಕಾಲಿ ಆಡುವ ಪಿಯಾನೋಗಿಂತ ಚೆನ್ನಾಗಿ ಶ್ರುತಿ ಹಿಡಿದುಕೊಳ್ಳುತ್ತದೆ.

ಯಾವ ಹಬ್ಬಕ್ಕೆ ಯಾವಾಗ ಕರೆಯಬೇಕು

ಕರಾವಳಿಯ ದೊಡ್ಡ ತಲೆನೋವು ಅಂದರೆ ಮೊಂತಿ ಫೆಸ್ತ್ ಮತ್ತು ಕ್ರಿಸ್ಮಸ್ ಹವಾಮಾನದ ಎರಡು ದಡದಲ್ಲಿ ಕೂತಿರುವುದು. ಮೊಂತಿ ಅಂದರೆ ಮರಿಯಮ್ಮನ ಜನ್ಮದಿನದ, ಹೊಸ ತೆನೆಯ ಹಬ್ಬ, ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮುಂಚೆ ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹಾಡು ನಡೆಯುತ್ತದೆ. ಆಗ ಮರ ನೀರು ಕುಡಿದು ತುಂಬಿಕೊಂಡಿರುತ್ತದೆ, ಪಿಯಾನೋ ಏರಿರುತ್ತದೆ. ಕ್ರಿಸ್ಮಸ್ ಹೊತ್ತಿಗೆ ಇಳಿದಿರುತ್ತದೆ. ವರ್ಷಕ್ಕೆ ಒಮ್ಮೆ ಮಾತ್ರ ಶ್ರುತಿ ಮಾಡಿಸುತ್ತೇವೆ ಅಂದರೆ ಒಂದು ಹಬ್ಬವನ್ನು ಬಿಟ್ಟುಕೊಡಬೇಕು, ಬೇರೆ ದಾರಿಯಿಲ್ಲ. ಅಷ್ಟೇ ದುಡ್ಡಿರುವುದು ಅಂದರೆ ನಾನು ಹೇಳುವುದು ಕ್ರಿಸ್ಮಸ್‌ಗೆ ಮಾಡಿಸಿ ಅಂತ. ಮೊಂತಿಗೆ ಹೇಗೂ ಹೊರಗೆ ಬ್ಯಾಂಡು, ಒಳಗೆ ಮಕ್ಕಳ ಗಲಾಟೆ. ತೆನೆ, ಹೂವು, ಕಬ್ಬಿನ ನಡುವೆ ಪಿಯಾನೋ ಕಡೆ ಯಾರ ಕಿವಿಯೂ ಇರುವುದಿಲ್ಲ.

ಮೊಂತಿಗೂ ಮಾಡಿಸುವವರಿಗೆ ಒಂದು ಮಾತು. ಆಗಸ್ಟಿನಲ್ಲಿ ಪಿಯಾನೋದ ಮಧ್ಯದ ಎ ಸ್ವರ 440ರ (ಸೆಕೆಂಡಿಗೆ 440 ಕಂಪನ, ಎಲ್ಲರೂ ಒಪ್ಪಿದ ಅಳತೆ) ಬದಲು 442ರಲ್ಲಿ ನಿಂತಿದ್ದರೆ ಅದನ್ನು ಎಳೆದು 440ಕ್ಕೆ ಇಳಿಸಲು ಹೋಗಬೇಡಿ. ಈಗ ಇಳಿಸಿದರೆ ಡಿಸೆಂಬರಿನಲ್ಲಿ ಅದು 440ಕ್ಕಿಂತ ಕೆಳಗೆ ಹೋಗುತ್ತದೆ, ಆಗ ಮತ್ತೆ ಇಡೀ ಪಿಯಾನೋ ಏರಿಸುವ ಕೆಲಸ. ಅದು ಇರುವ ಎತ್ತರಕ್ಕೇ ಉಳಿದದ್ದನ್ನೆಲ್ಲ ಹೊಂದಿಸಿ, ಜೊತೆಗೆ ನುಡಿಸುವ ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ‘ಮಾಸ್ಟರ್ ಟ್ಯೂನ್’ ಅಂತ ಇರುತ್ತದೆ, ಅದನ್ನು 442 ಮಾಡಿ. ಹತ್ತು ಸೆಕೆಂಡಿನ ಕೆಲಸ. ಇದು ಗೊತ್ತಿಲ್ಲದೆ ಪಿಯಾನೋ ಮತ್ತು ಕೀಬೋರ್ಡ್ ಜಗಳವಾಡುವುದನ್ನು ಎಷ್ಟೋ ಕಡೆ ಕೇಳಿದ್ದೇನೆ, ಕ್ವಾಯರಿನ ಮಕ್ಕಳು ಪಾಪ ಯಾರ ಕಡೆ ಸೇರುವುದು ಅಂತ ಗೊತ್ತಾಗದೆ ಇಬ್ಬರ ಮಧ್ಯೆ ಹಾಡುತ್ತಿರುತ್ತಾರೆ.

ಕ್ರಿಸ್ಮಸ್‌ಗೆ ಎರಡು ಭೇಟಿ ಇಟ್ಟುಕೊಳ್ಳಿ. ಮೊದಲನೆಯದು ನವೆಂಬರ್ ಮೊದಲ ಎರಡು ವಾರದಲ್ಲಿ: ರಿಪೇರಿ, ಕಚ್ಚಿಕೊಂಡ ಕೀಗಳು, ತೀರಾ ಇಳಿದಿದ್ದರೆ ಒಂದು ಸುತ್ತು ಏರಿಸುವುದು. ಎರಡನೆಯದು ಡಿಸೆಂಬರ್ 15ರಿಂದ 20ರ ಒಳಗೆ, ಗೋದಲಿ ಎಲ್ಲಿ ಬರುತ್ತದೆ, ಪಿಯಾನೋ ಎಲ್ಲಿಗೆ ಸರಿಯುತ್ತದೆ ಅಂತ ತೀರ್ಮಾನವಾದ ಮೇಲೆ. ಇದು ಮುಖ್ಯ. ಶ್ರುತಿ ಮಾಡಿದ ಮೇಲೆ ನಾಲ್ಕು ಜನ ಸೇರಿ ಪಿಯಾನೋವನ್ನು ಇನ್ನೊಂದು ಮೂಲೆಗೆ ದಬ್ಬಿದರೆ, ನೆಲ ಸಮ ಇಲ್ಲದೆ ಚೌಕಟ್ಟು ಸ್ವಲ್ಪ ತಿರುಚಿಕೊಂಡರೂ, ಮಾಡಿದ ಕೆಲಸಕ್ಕೆ ಪೆಟ್ಟು. ಮೊದಲು ದಬ್ಬಿ, ಆಮೇಲೆ ಶ್ರುತಿ.

ಈಸ್ಟರಿನ ಲೆಕ್ಕ ಬೇರೆ. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳುತ್ತದೆ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಅಂದರೆ ಒಣಗಿದ ಕಾಲ, ಪಿಯಾನೋ ವರ್ಷದಲ್ಲೇ ಅತಿ ಕೆಳಗೆ ಇರುವ ಹೊತ್ತು. ಏಪ್ರಿಲಿನಲ್ಲಿ ಎರಡು ಅಡ್ಡಮಳೆ ಬಿದ್ದರೆ ಮತ್ತೆ ಮೇಲೆ. ಹಾಗಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುರುವಿನಲ್ಲೇ ಮಾಡಿಸಿ ಮುಗಿಸೋಣ ಅನ್ನುವ ಬುದ್ಧಿವಂತಿಕೆ ಇಲ್ಲಿ ನಡೆಯುವುದಿಲ್ಲ. ಗರಿಗಳ ಭಾನುವಾರದ (ಈಸ್ಟರಿನ ಹಿಂದಿನ ಭಾನುವಾರ) ಹಿಂದಿನ ವಾರ, ಇಲ್ಲವೇ ಪವಿತ್ರ ವಾರದ ಸೋಮವಾರದಿಂದ ಬುಧವಾರ. ಗುರುವಾರದ ಮೇಲೆ ಬೇಡ. ಕಥೋಲಿಕ ಚರ್ಚುಗಳಲ್ಲಿ ಗುರುವಾರ ಸಂಜೆಯ ಪೂಜೆಯಲ್ಲಿ ಗ್ಲೋರಿಯಾ (ದೇವರ ಮಹಿಮೆಯ ಹಾಡು) ಹಾಡಿದ ಮೇಲೆ ವಾದ್ಯ ಸುಮ್ಮನಾಗುತ್ತದೆ, ಮತ್ತೆ ಬಾಯಿ ಬಿಡುವುದು ಶನಿವಾರ ರಾತ್ರಿಯ ಜಾಗರಣೆಯ ಗ್ಲೋರಿಯಾಕ್ಕೆ. ಆ ನಡುವೆ ಜನ ಆರಾಧನೆಗೆ ಬಂದು ಮೊಣಕಾಲೂರಿ ಕೂತಿರುವಾಗ ನಾವು ‘ಟಂಗ್ ಟಂಗ್’ ಅಂತ ಒಂದೇ ಕೀ ಬಡಿಯುತ್ತಾ ಕೂತರೆ ಚೆನ್ನಾಗಿರುತ್ತದಾ? ಇನ್ನೊಂದು ವಿಷಯ. ಎರಡು ದಿನ ವಾದ್ಯ ಕೇಳದ ಕಿವಿ ಆ ರಾತ್ರಿ ತುಂಬಾ ಚುರುಕಾಗಿರುತ್ತದೆ. ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿ ಮೊದಲ ಕಾರ್ಡ್ ಬೀಳುವ ಆ ಕ್ಷಣದಲ್ಲಿ ತಪ್ಪು ಮುಚ್ಚಿಡಲು ಆಗುವುದಿಲ್ಲ. ವರ್ಷದಲ್ಲಿ ಒಂದೇ ಒಂದು ಸಲ ನಾನು ಭಯ ಪಡುವುದು ಅಲ್ಲಿ.

ಟ್ಯೂನರ್ ಬರುವ ಮುಂಚೆ ನೀವು ನೋಡಿಡಬೇಕಾದದ್ದು

ಪ್ರತಿ ಕೀಯನ್ನೂ ನಿಧಾನವಾಗಿ ಒಂದೊಂದಾಗಿ ಒತ್ತಿ. ಎಡದಿಂದ ಬಲಕ್ಕೆ, 88ನ್ನೂ. ಒತ್ತಿದ್ದು ಮೇಲೆ ಬರದಿದ್ದರೆ, ಸದ್ದೇ ಬರದಿದ್ದರೆ, ಬಿಟ್ಟ ಮೇಲೂ ಸದ್ದು ನಿಲ್ಲದಿದ್ದರೆ, ಆ ಕೀ ಹತ್ತಿರ ಒಂದು ಸಣ್ಣ ಚೀಟಿ ಇಡಿ. ಇದಕ್ಕೆ ಸಂಗೀತ ಬರಬೇಕಾಗಿಲ್ಲ, ತಾಳ್ಮೆ ಬೇಕು. ಈ ಚೀಟಿಗಳು ನನ್ನ ಅರ್ಧ ಗಂಟೆ ಉಳಿಸುತ್ತವೆ. ಕೀ ಕಚ್ಚಿಕೊಳ್ಳಲು ಬಹಳ ಸಲ ಕಾರಣ ಮಳೆಗೆ ಉಬ್ಬಿದ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ಬಟ್ಟೆ), ಕೆಲವು ಸಲ ಎರಡು ಕೀಗಳ ನಡುವೆ ಬಿದ್ದ ಪೆನ್ಸಿಲ್. ಒಮ್ಮೆ ಐದು ರೂಪಾಯಿಯ ನಾಣ್ಯ ಸಿಕ್ಕಿತ್ತು, ಕಾಣಿಕೆ ಡಬ್ಬಿಗೆ ಹೋಗಬೇಕಾಗಿದ್ದದ್ದು ಇರಬೇಕು. ಅಲ್ಲಿಗೇ ಹಾಕಿ ಬಂದೆ.

ಆಮೇಲೆ ಟಾರ್ಚ್ ಹಿಡಿದು ಕೆಳಗಿನ ಹಲಗೆ ತೆಗೆದು ನೋಡಿ. ಅಪ್‌ರೈಟ್, ಅಂದರೆ ತಂತಿ ನೆಟ್ಟಗೆ ನಿಂತಿರುವ ಪಿಯಾನೋದಲ್ಲಿ, ಪೆಡಲ್ ಮೇಲಿನ ದೊಡ್ಡ ಹಲಗೆ ಒಂದು ಸ್ಪ್ರಿಂಗ್ ಪಟ್ಟಿಯ ಮೇಲೆ ನಿಂತಿರುತ್ತದೆ, ಅದನ್ನು ಮೇಲಕ್ಕೆ ಒತ್ತಿದರೆ ಹಲಗೆ ಕೈಗೆ ಬರುತ್ತದೆ. ಬಂಟ್ವಾಳ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ಹೀಗೆ ತೆಗೆದಾಗ ಒಳಗೆ ಇಲಿಯ ಸಂಸಾರ. ಗೂಡಿಗೆ ಬಳಸಿದ್ದು ಏನು ಗೊತ್ತಾ? ಕೀ ಅಡಿಯ ಕೆಂಪು ಫೆಲ್ಟ್, ಕ್ವಾಯರಿನ ಹಾಡಿನ ಹಾಳೆಯ ಚೂರು, ಮತ್ತೆ ಗರಿಗಳ ಭಾನುವಾರದ ಒಣಗಿದ ತೆಂಗಿನ ಗರಿ, ಅಚ್ಚುಕಟ್ಟಾಗಿ ಸೀಳಿದ್ದು. ನೋಡಲು ಚೆಂದವೇ ಇತ್ತು. ಹನ್ನೊಂದು ಕೀ ಸತ್ತಿದ್ದವು. ಇದನ್ನು ಡಿಸೆಂಬರ್ 22ಕ್ಕೆ ಕಂಡುಹಿಡಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ನವೆಂಬರಿನಲ್ಲಿ ಕಂಡರೆ ಫೆಲ್ಟ್ ತರಿಸಿ ಕೂರಿಸಬಹುದು.

ಟ್ಯೂನರ್‌ಗೆ ಫೋನ್ ಮಾಡಿದಾಗ ನಾಲ್ಕು ವಿಷಯ ಹೇಳಿ: ಅಪ್‌ರೈಟಾ ಗ್ರ್ಯಾಂಡಾ, ಕೊನೆಯ ಸಲ ಯಾವಾಗ ಮಾಡಿಸಿದ್ದು, ತಂತಿಗೆ ತುಕ್ಕು ಇದೆಯಾ, ಮಧ್ಯದ ಎ ಎಷ್ಟರಲ್ಲಿದೆ. ಕೊನೆಯದನ್ನು ಫೋನಿನ ಯಾವುದೇ ಟ್ಯೂನರ್ ಆ್ಯಪ್ ತೋರಿಸುತ್ತದೆ. ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಈ ಕಸುಬಿನವರು ಕಡಿಮೆ, ಹಬ್ಬದ ತಿಂಗಳಲ್ಲಿ ಎಲ್ಲರಿಗೂ ಅವರೇ ಬೇಕು. ಪಕ್ಕದ ಎರಡು ಮೂರು ಚರ್ಚು, ಒಂದು ಶಾಲೆ, ಪಿಯಾನೋ ಇರುವ ಒಂದೆರಡು ಮನೆ ಸೇರಿಕೊಂಡು ಒಂದೇ ಸುತ್ತಿಗೆ ಕರೆಸಿದರೆ ಬಸ್ಸು, ಊಟ, ವಸತಿಯ ಖರ್ಚು ಹಂಚಿಹೋಗುತ್ತದೆ.

ಆ ದಿನ ಚರ್ಚ್ ಹೇಗಿರಬೇಕು

ಮೌನ ಬೇಕು. ಕನಿಷ್ಠ ಮೂರು ಗಂಟೆ, ಏರಿಸುವ ಕೆಲಸವಿದ್ದರೆ ಐದು. ಗುಡಿಸುವುದು, ಮೊಳೆ ಹೊಡೆಯುವುದು, ಮೈಕ್ ಪರೀಕ್ಷೆ ಎಲ್ಲ ಇನ್ನೊಂದು ದಿನಕ್ಕೆ ಇಡಿ. ಪಾರಿವಾಳಕ್ಕೆ ಮಾತ್ರ ಏನೂ ಹೇಳಲು ಆಗುವುದಿಲ್ಲ.

ಫ್ಯಾನ್ ಆಫ್ ಮಾಡಿ. ಸೆಖೆಯಲ್ಲಿ ಪಾಪ ಕೂತಿದ್ದಾರೆ ಅಂತ ಪ್ರೀತಿಯಿಂದ ಫ್ಯಾನ್ ಹಾಕಿಕೊಡುತ್ತಾರೆ, ನಾನು ಎದ್ದು ಹೋಗಿ ಆರಿಸುತ್ತೇನೆ, ಅವರಿಗೆ ಬೇಜಾರು. ವಿಷಯ ಏನೆಂದರೆ, ನಾವು ಕೇಳುವುದು ಎರಡು ತಂತಿಗಳ ನಡುವೆ ಹುಟ್ಟುವ ‘ವಾಂವ್ ವಾಂವ್’ ಅನ್ನುವ ಅಲೆಯನ್ನು. ತಿರುಗುವ ರೆಕ್ಕೆ ಸದ್ದನ್ನು ಕತ್ತರಿಸಿ ಅಂಥದ್ದೇ ಸುಳ್ಳು ಅಲೆ ಹುಟ್ಟಿಸುತ್ತದೆ. ಚಿಕ್ಕವರಿದ್ದಾಗ ಫ್ಯಾನ್ ಮುಂದೆ ಬಾಯಿಟ್ಟು ‘ಆ...’ ಅಂದಿದ್ದೀರಲ್ಲ, ಅದೇ. ಎ.ಸಿ. ಇರುವ ಚರ್ಚಾದರೆ ಮಾತ್ರ ಉಲ್ಟಾ: ಪೂಜೆಯ ಹೊತ್ತಿಗೆ ಎಷ್ಟು ತಂಪು ಇರುತ್ತದೋ ಅಷ್ಟೇ ತಂಪಿನಲ್ಲಿ ಶ್ರುತಿ ಮಾಡಿಸಿ, ಹಿಂದಿನ ರಾತ್ರಿಯಿಂದಲೇ ಹಾಕಿಡಿ.

ಸಾವು ಹೇಳಿ ಕೇಳಿ ಬರುವುದಿಲ್ಲ. ಒಮ್ಮೆ ನಡು ಕೆಲಸದಲ್ಲಿದ್ದಾಗ ಗಂಟೆ ಬಾರಿಸಿತು, ಒಂದು ಗಂಟೆಯೊಳಗೆ ಶವ ತರುತ್ತಾರೆ ಅಂದರು. ತಂತಿಗಳ ನಡುವೆ ಉದ್ದಕ್ಕೂ ಫೆಲ್ಟ್ ಪಟ್ಟಿ ಸಿಕ್ಕಿಸಿದ್ದೆ, ಅಂದರೆ ನಡುವಿನ ಸ್ವರಗಳಲ್ಲಿ ಮೂರರ ಬದಲು ಒಂದೇ ತಂತಿ ನುಡಿಯುವ ಹಾಗೆ. ತೆಗೆದರೆ ಇನ್ನೂ ಕೆಟ್ಟದಾಗುತ್ತದೆ ಅಂತ ಹಾಗೇ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಹುಡುಗಿ ಅದರಲ್ಲೇ ನುಡಿಸಿದಳು. ತೆಳ್ಳಗೆ, ಪೆಟ್ಟಿಗೆಯೊಳಗಿಂದ ಬಂದ ಹಾಗೆ. ಮುಗಿದ ಮೇಲೆ ಒಬ್ಬ ಹಿರಿಯರು ಬಂದು ಕೈ ಹಿಡಿದು “ಎಂಥ ಶ್ರುತಿ ಮಾಡಿದ್ದೀರಿ, ಇಷ್ಟು ಶುದ್ಧವಾಗಿ ಈ ಪಿಯಾನೋ ಯಾವತ್ತೂ ಕೇಳಿಲ್ಲ” ಅಂದರು. ಒಂದೇ ತಂತಿಯಾದರೆ ಅದು ಯಾರ ಜೊತೆ ಜಗಳವಾಡಬೇಕು ಹೇಳಿ.

ಟ್ಯೂನರ್ ಅಷ್ಟು ಹೊತ್ತು ಏನು ಮಾಡುತ್ತಾರೆ

ಇದು ಗೊತ್ತಿದ್ದರೆ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅಂತ ತಿಳಿಯುತ್ತದೆ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು, ಕರಿಯದ್ದೂ ಸೇರಿ, 100 ಸೆಂಟ್ ಅನ್ನುತ್ತಾರೆ. ಪಿಯಾನೋ 30 ಸೆಂಟ್ ಇಳಿದಿದೆ ಅಂದುಕೊಳ್ಳಿ. ಅದನ್ನು ಮೇಲಕ್ಕೆ ತರುವುದು ಅಂದರೆ ಒಟ್ಟು ಎಳೆತವನ್ನು ಶೇಕಡಾ ಮೂರೂವರೆಯಷ್ಟು ಹೆಚ್ಚಿಸುವುದು. 18 ಟನ್‌ನಲ್ಲಿ ಅದು 600 ಕಿಲೋಗೂ ಜಾಸ್ತಿ. ಒಂದು ಸಣ್ಣ ಕಾರನ್ನು ತಂತಿಗಳಿಗೆ ನೇತುಹಾಕಿದ ಹಾಗೆ. ಬಲಗಡೆ ಬಿಗಿಮಾಡುತ್ತಾ ಹೋದ ಹಾಗೆ ಹಲಗೆ ತಗ್ಗುತ್ತದೆ, ಎಡಗಡೆ ಆಗಲೇ ಮಾಡಿದ್ದು ಮತ್ತೆ ಇಳಿಯುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಬೇಕೆಂದೇ, ಇಳಿದದ್ದರ ಕಾಲು ಭಾಗದಷ್ಟು ಹೆಚ್ಚು ಏರಿಸಿ ಬಿಡುತ್ತೇವೆ, ಅದು ತಾನಾಗಿ ಇಳಿದು ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಎರಡನೇ ಸುತ್ತಿನಲ್ಲಿ ನಯ ಕೆಲಸ. ಹೀಗೆ ಏರಿಸಿದ ಪಿಯಾನೋ ಮುಂದಿನ ಕೆಲವು ವಾರ ನಿಧಾನಕ್ಕೆ ಜಾರುತ್ತದೆ. ಎರಡು ಭೇಟಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ, ದುಡ್ಡಿನಾಸೆಗೆ ಅಲ್ಲ.

ತಂತಿಗೆ ತುಕ್ಕು ಹಿಡಿದಿದ್ದರೆ ಏರಿಸುವ ಮುಂಚೆ ಕೂದಲೆಳೆಯಷ್ಟು ಕೆಳಗಿಳಿಸಬೇಕು. ಆಗ ತುಕ್ಕಿನ ಹಿಡಿತ ಬಿಟ್ಟು ‘ಟಿಕ್’ ಅಂತ ಸಣ್ಣ ಸದ್ದು ಕೇಳಿಸುತ್ತದೆ. ನಾನು ಕಲಿಯುವ ದಿನಗಳಲ್ಲಿ ಇದನ್ನು ಮಾಡದೆ ಮೊಂತಿಗೆ ಎರಡು ದಿನ ಇರುವಾಗ ಒಂದು ಬೇಸ್ ತಂತಿಯನ್ನು ತುಂಡು ಮಾಡಿದೆ. ಕೋವಿಯ ಸದ್ದು. ತಾಮ್ರ ಸುತ್ತಿದ ತಂತಿಯನ್ನು ಅಳತೆ ಕೊಟ್ಟು ಮಾಡಿಸಬೇಕು, ಅಂಗಡಿಯಲ್ಲಿ ತೂಗಿ ಕೊಡುವಂಥದ್ದಲ್ಲ. ಆ ವರ್ಷ ಆ ಸ್ವರ ಇಲ್ಲದೆಯೇ ಹಬ್ಬ ನಡೆಯಿತು.

ತುಂಬಾ ಹಳೆಯ ಪಿಯಾನೋ ಆದರೆ 440ರ ಹಠ ಬಿಡಿ. 440 ಅನ್ನುವುದು ಲಂಡನ್ನಿನ ಸಭೆಯಲ್ಲಿ ಒಪ್ಪಿಕೊಂಡದ್ದು 1939ರಲ್ಲಿ. ಅದಕ್ಕೆ ಮುಂಚೆ, 1859ರಲ್ಲಿ ಫ್ರಾನ್ಸ್ ಕಾನೂನು ಮಾಡಿದ 435 ಯುರೋಪಿನಲ್ಲಿ ಬಹಳ ಕಡೆ ನಡೆಯುತ್ತಿತ್ತು. ಎರಡಕ್ಕೂ ನಡುವೆ 20 ಸೆಂಟ್ ವ್ಯತ್ಯಾಸ. ಅಜ್ಜನ ಕಾಲದ ಪಿಯಾನೋ, ತುಕ್ಕು ತಂತಿ, ಸಡಿಲ ಪಿನ್ (ತಂತಿಯ ತುದಿ ಸುತ್ತಿ ಬಿಗಿಯುವ ಲೋಹದ ಗೂಟ) ಇದ್ದರೆ 435ಕ್ಕೇ ನಿಲ್ಲಿಸಿ ಕೀಬೋರ್ಡನ್ನು ಇಳಿಸಿಕೊಳ್ಳಿ. ಮುದುಕರನ್ನು ಓಡಿಸಬಾರದು.

ನಯ ಕೆಲಸದಲ್ಲಿ ಮೊದಲು ನಡುವಿನ ಒಂದು ಸಪ್ತಕ ಕಟ್ಟುತ್ತೇವೆ, ಎಫ್‌ನಿಂದ ಎಫ್. ತಂಬೂರಿ ಶ್ರುತಿ ಮಾಡಿ ಅಭ್ಯಾಸ ಇರುವವರಿಗೆ ಇಲ್ಲೊಂದು ಆಶ್ಚರ್ಯ ಕಾದಿದೆ. ತಂಬೂರಿಯಲ್ಲಿ ಸ-ಪ ಶುದ್ಧವಾಗಿ, ಅಲೆಯೇ ಇಲ್ಲದೆ ಸೇರಬೇಕು. ಪಿಯಾನೋದಲ್ಲಿ ಅದನ್ನು ಬೇಕೆಂದೇ 2 ಸೆಂಟ್ ಚಿಕ್ಕದು ಮಾಡುತ್ತೇವೆ, ಇಲ್ಲದಿದ್ದರೆ ಹನ್ನೆರಡು ಪಂಚಮ ಸುತ್ತಿ ಬಂದಾಗ ಮನೆ ಬಾಗಿಲು ಸೇರುವುದಿಲ್ಲ. ಗಾಂಧಾರವಂತೂ ಸುಮಾರು 14 ಸೆಂಟ್ ದೊಡ್ಡದು. ನಡುವಿನ ಎಫ್ ಮತ್ತು ಎ ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಏಳು ಸಲ ಅಲೆ ಬಡಿಯಬೇಕು. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿದ ಹಾಗೆ ಆ ಅಲೆ ಸ್ವಲ್ಪ ಸ್ವಲ್ಪವೇ ವೇಗವಾಗುತ್ತಾ ಹೋಗಬೇಕು, ನಡುವೆ ಎಲ್ಲೂ ಎಡವಬಾರದು. ಈ ಒಂದು ಸಪ್ತಕ ಸರಿಯಾದರೆ ಉಳಿದದ್ದೆಲ್ಲ ಅದರ ನಕಲು. ಅದಕ್ಕಾಗಿ ಟ್ಯೂನರ್ ಒಂದೇ ಜಾಗದಲ್ಲಿ ಮುಕ್ಕಾಲು ಗಂಟೆ ಕೂತರೆ “ಏನು, ಇನ್ನೂ ಅಲ್ಲೇ ಇದ್ದೀರಾ” ಅಂತ ಕೇಳಬೇಡಿ.

ಆ್ಯಪ್ ಬಳಸುವವರೂ ಇದ್ದಾರೆ, ತಪ್ಪಿಲ್ಲ. ಟ್ಯೂನ್‌ಲ್ಯಾಬ್, ಪಿಯಾನೋಮೀಟರ್ ಥರದವು ಪಿಯಾನೋಗೆಂದೇ ಮಾಡಿದವು, ಆ ಪಿಯಾನೋದ ತಂತಿಗಳ ಗುಣ ಅಳೆದು ಮೇಲಿನ ಸಪ್ತಕಗಳನ್ನು ಎಷ್ಟು ಹಿಗ್ಗಿಸಬೇಕು ಅಂತ ಲೆಕ್ಕ ಹಾಕುತ್ತವೆ. ಗಿಟಾರ್ ಟ್ಯೂನರ್ ಇಟ್ಟುಕೊಂಡು 88 ಕೀಯನ್ನೂ ಹಸಿರು ದೀಪಕ್ಕೆ ತಂದರೆ ಮಾತ್ರ ಬೇಸ್ ಮತ್ತು ಮೇಲಿನ ಸ್ವರ ಎರಡೂ ಪರದೇಶಿಗಳಾಗುತ್ತವೆ.

ಹಿಂದಿನ ದಿನ ನೀವೇ ಮಾಡಬಹುದಾದ ಒಂದೇ ಕೆಲಸ

ಟ್ಯೂನರ್ ಬಂದು ಹೋಗಿ ಐದು ದಿನವಾಗಿದೆ, ರಿಹರ್ಸಲ್‌ನಲ್ಲಿ ಒಂದು ಕೀ ಮಾತ್ರ ಕುಯ್ಯೋ ಅನ್ನುತ್ತಿದೆ. ಮೂರು ತಂತಿಗಳಲ್ಲಿ ಒಂದು ಜಾರಿದೆ ಅಂತ ಅರ್ಥ. ಇದನ್ನು ಕಲಿತ ಕೈ ಸರಿ ಮಾಡಬಹುದು. ಬೇಕಾದದ್ದು ಪಿನ್ ತಿರುಗಿಸುವ ಸರಿಯಾದ ಟ್ಯೂನಿಂಗ್ ಲಿವರ್, ತಂತಿ ನುಡಿಯದಂತೆ ಸಿಕ್ಕಿಸುವ ಎರಡು ರಬ್ಬರ್ ಬಿರಡೆ, ಟಾರ್ಚ್. ಲಿವರ್ ಬದಲು ಇಕ್ಕಳ, ಸ್ಪ್ಯಾನರ್ ಹಾಕಿದರೆ ಪಿನ್ನಿನ ಮೂಲೆ ಸವೆದುಹೋಗುತ್ತದೆ, ಮತ್ತೆ ಯಾವ ಲಿವರೂ ಕೂರುವುದಿಲ್ಲ.

ಮೊದಲು ಆ ಕೀ ಒತ್ತಿ ಯಾವ ಸುತ್ತಿಗೆ ಏಳುತ್ತದೆ ನೋಡಿ. ಅದು ಬಡಿಯುವ ಮೂರು ತಂತಿ ಅವೇ. ಈಗ ಒಂದೊಂದನ್ನೇ ಬಿರಡೆಯಿಂದ ಮುಚ್ಚುತ್ತಾ ಕೇಳಿ: ಎಡ ಮತ್ತು ನಡು, ಆಮೇಲೆ ನಡು ಮತ್ತು ಬಲ. ಯಾವ ಜೋಡಿ ಅಲೆಯುತ್ತದೋ ಅಲ್ಲಿ ಕಳ್ಳನಿದ್ದಾನೆ. ಸಿಕ್ಕ ತಂತಿಯ ಮೇಲೆ ಬೆರಳಿಟ್ಟು ಪಿನ್ನಿನವರೆಗೂ ಹಾಗೇ ಮೇಲಕ್ಕೆ ಹೋಗಿ. ಕಣ್ಣಳತೆಯನ್ನು ನಂಬಬೇಡಿ. ತಪ್ಪು ಪಿನ್ ತಿರುಗಿಸಿ ‘ಏನೂ ಆಗುತ್ತಿಲ್ಲವಲ್ಲ’ ಅಂತ ಇನ್ನೂ ತಿರುಗಿಸಿ, ಪಕ್ಕದ ಸ್ವರದ ತಂತಿ ತುಂಡು ಮಾಡಿದವರು ಇದ್ದಾರೆ.

ಲಿವರನ್ನು ಪಿನ್ನಿನ ಮೇಲೆ ಪೂರ್ತಿ ಒಳಗೆ ಕೂರಿಸಿ, ಹಿಡಿ ನೆಟ್ಟಗೆ ಮೇಲಕ್ಕೆ ಅಥವಾ ಸ್ವಲ್ಪ ಬಲಕ್ಕೆ, ಗಡಿಯಾರದ ಹನ್ನೆರಡಕ್ಕೂ ಒಂದಕ್ಕೂ ನಡುವೆ ಇರಲಿ. ಬಲಕ್ಕೆ ತಿರುಗಿಸಿದರೆ ಶ್ರುತಿ ಏರುತ್ತದೆ. ತಿರುಗಿಸುವುದು ಅಂದರೆ ಕಣ್ಣಿಗೆ ಕಾಣುವಷ್ಟು ಅಲ್ಲ. ಹಿಡಿ ಒಂದು ದಾರದ ದಪ್ಪದಷ್ಟು ಸರಿದರೂ ಜಾಸ್ತಿಯೇ. ಕೀಯನ್ನು ಮತ್ತೆ ಮತ್ತೆ ಒತ್ತುತ್ತಾ ಎಳೆಯಿರಿ. ಅಲೆ ನಿಧಾನವಾಗುತ್ತದೆ, ವಾಂವ್... ವಾಂವ್..... ಆಮೇಲೆ ನಿಂತೇ ಹೋಗಿ ಎರಡು ತಂತಿ ಒಂದಾಗುತ್ತವೆ. ಅಲ್ಲಿಗೆ ನಿಲ್ಲಿಸಬೇಡಿ. ಕೂದಲಿನಷ್ಟು ಮೇಲೆ ಹೋಗಿ, ಕೀಯನ್ನು ಎರಡು ಸಲ ಜೋರಾಗಿ ಬಡಿದು, ಮತ್ತೆ ಮೆತ್ತಗೆ ಕೆಳಗೆ ಕೂರಿಸಿ. ಪಿನ್ ಅನ್ನುವುದು ಮರದೊಳಗೆ ತಿರುಗುವ ಮುಂಚೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚು ಉಳಿದುಬಿಟ್ಟರೆ ರಾತ್ರಿ ಪೂಜೆಯ ಮೂರನೇ ಹಾಡಿಗೆ ಬಿಚ್ಚಿಕೊಳ್ಳುತ್ತದೆ.

ಇಷ್ಟೇ. ಸಪ್ತಕಗಳನ್ನು ಮುಟ್ಟಬೇಡಿ, “ಹೇಗೂ ಕೈ ಹಾಕಿದ್ದೇನಲ್ಲ” ಅಂತ ಪಕ್ಕದ್ದಕ್ಕೂ ಹೋಗಬೇಡಿ.

ಮಾಡಬಾರದ ಕೆಲವು

ತೆಂಗಿನೆಣ್ಣೆ. ಎಲ್ಲ ರೋಗಕ್ಕೂ ತೆಂಗಿನೆಣ್ಣೆ ಅನ್ನುವ ಊರು ನಮ್ಮದು, ಒಪ್ಪಿದೆ, ಪಿಯಾನೋ ಒಳಗೆ ಮಾತ್ರ ಬೇಡ. ಕೀ ಕಚ್ಚುತ್ತದೆ ಅಂತ ಎಣ್ಣೆ ಬಿಟ್ಟರೆ ಮರ, ಫೆಲ್ಟ್ ಎರಡೂ ಕುಡಿದು ಇನ್ನೂ ಉಬ್ಬುತ್ತವೆ, ಜೊತೆಗೆ ಧೂಳು ಅಂಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದು, ಪಿನ್ ಕೂತಿರುವ ಮರಕ್ಕೆ ಇಳಿದರೆ ಪಿನ್ ಶಾಶ್ವತವಾಗಿ ಸಡಿಲ.

ಮುಚ್ಚಳದ ಮೇಲೆ ಹೂದಾನಿ, ಉರಿಯುವ ಮೇಣದಬತ್ತಿ ಇಡಬೇಡಿ. ಅಲಂಕಾರ ಮಾಡುವವರಿಗೆ ಪಿಯಾನೋ ಅಂದರೆ ಒಳ್ಳೆಯ ಚಪ್ಪಟೆ ಮೇಜು. ಒಂದು ಹೂದಾನಿ ಉರುಳಿದರೆ ಸಾಕು.

ನುಸಿಗುಳಿಗೆ ಇಡಬಹುದು, ಬಟ್ಟೆಯಲ್ಲಿ ಕಟ್ಟಿ, ಫೆಲ್ಟಿಗೂ ತಂತಿಗೂ ತಾಗದ ಹಾಗೆ. ತೇವಕ್ಕೆ ಒಳಗೆ ಬಲ್ಬ್ ಉರಿಸುವ ಹಳೆಯ ಪದ್ಧತಿ ಇದೆ. ಮರದ ಪೆಟ್ಟಿಗೆ, ಬಿಸಿ ಬಲ್ಬ್, ರಾತ್ರಿ ಬೀಗ ಹಾಕಿದ ಚರ್ಚ್: ನನಗೆ ಧೈರ್ಯವಿಲ್ಲ. ಪಿಯಾನೋಗೆಂದೇ ಕಡಿಮೆ ವ್ಯಾಟಿನ ಬಿಸಿ ರಾಡ್ ಸಿಗುತ್ತದೆ, ಅದನ್ನು ಹಾಕಿಸಿದರೆ ಮಳೆಗಾಲವಿಡೀ ಆರಿಸದೆ ಬಿಡಿ. ಹಬ್ಬಕ್ಕೆ ಮಾತ್ರ ಎರಡು ದಿನ ಹಾಕಿ ತೆಗೆದರೆ ಮರ ಇನ್ನೊಮ್ಮೆ ಜೋಕಾಲಿ ಆಡುತ್ತದೆ, ಹಾಕದೇ ಇರುವುದೇ ವಾಸಿ.

ಕೊನೆಯದಾಗಿ ಒಂದು ನೋಟ್‌ಬುಕ್. ಕೆಳಗಿನ ಹಲಗೆಯ ಹಿಂದೆ ದಾರ ಕಟ್ಟಿ ನೇತುಹಾಕಿ, ಪೆನ್ಸಿಲ್ ಸಮೇತ. ಯಾರೇ ಬಂದರೂ, ನಾನು ಬಂದರೂ, ಅದರಲ್ಲಿ ಬರೆಯದೆ ಹೋಗಲು ಬಿಡಬೇಡಿ. ದೊಡ್ಡದೇನೂ ಬೇಡ, ಹೀಗಿದ್ದರೆ ಸಾಕು: “ಡಿಸೆಂಬರ್ 18. ಒಳಗಿನ ತೇವಾಂಶ 66. ಬಂದಾಗ ಎ 438, ಬಿಟ್ಟಾಗ 440. ಮೇಲಿನ ಸಿ ಶಾರ್ಪ್ ಎಡ ತಂತಿಯ ಪಿನ್ ಸಡಿಲ, ಹಬ್ಬದವರೆಗೂ ನಿಲ್ಲಬಹುದು. ಇಲಿ ಇಲ್ಲ.”